ಶಿಲ್ಪಿಯ ಅಂಕಿತ

ಬೇಲೂರಿನ ಚೆನ್ನಕೇಶವನ ದೇವಾಲಯವನ್ನು ನೋಡಲು ಹೋದವರು ಬಹುಮಟ್ಟಿಗೆ ತಲೆಯೆತ್ತಿಯೇ ನಡೆಯುವರು. ಮುಂದಕ್ಕೆ ಚಾಚಿದ ಸೂರಿನ ಕೆಳಗೆ, ಕಂಬದ ತಲೆಯನ್ನು ಮೆಟ್ಟಿ ಓರೆಯಾಗಿ ನಿಂತಿರುವ ಮದನಿಕೆಯರು ಅವರ ದೃಷ್ಟಿಯನ್ನು ಕೆಳಕ್ಕಿಳಿಯಗೊಡುವುದಿಲ್ಲ. ಒಬ್ಬಳು ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತಿರುವಳು. ಒಬ್ಬಳು ಗಿಳಿಯೊಡನೆ ಮಾತನಾಡುತ್ತಿರುವಳು. ಇನ್ನೊಬ್ಬಳು ಹೆಜ್ಜೆಯೆತ್ತಿ ಕುಣಿಯುತ್ತಿರುವಳು. ಇಂತಹ ಸುಮಾರು ೪೦ ವಿಗ್ರಹಗಳ ಬೆಡಗನ್ನು ಹೊಗಳುತ್ತ ಪ್ರದಕ್ಷಿಣೆಯನ್ನು ಮುಗಿಸುವವರಲ್ಲಿ, ಅವುಗಳಲ್ಲಿ ಕೆಲವಕ್ಕೆ ಪೀಠದ ಮೇಲೆ ಅಕ್ಷರಗಳುಂಟೆಂಬುದನ್ನು ಕಂಡವರು ವಿರಳ. ಆ ಅಕ್ಷರಗಳು ದೇವರ ಸ್ತುತಿಯಲ್ಲ, ಅರಸನ ಪ್ರಶಸ್ತಿಯೂ ಅಲ್ಲ. ಅವು ಕಲ್ಲನ್ನು ಕಡೆದವನ ಹೆಸರು, ಅವನ ಊರು, ಅವನ ತಂದೆಯ ಹೆಸರು, ಕೆಲವೆಡೆ ಅವನ ಬಿರುದು. ಬಳ್ಳಿಗಾವೆಯ ದಾಸೋಜನು ಅಲ್ಲಿದ್ದಾನೆ. ಅವನ ಮಗನಾದ ಚಾವಣನು ಅಲ್ಲಿದ್ದಾನೆ. ಗದುಗಿನಿಂದ ಬಂದ ನಾಗೋಜನೂ ಅಲ್ಲಿದ್ದಾನೆ.

ಇದನ್ನು ಓದಿದೊಡನೆ ವಿಚಾರಶೀಲನಾದವನ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಏಳದಿರದು. ದೇವಾಲಯವೆಂಬುದು ಸಮರ್ಪಣೆ. ಸಮರ್ಪಿಸಿದ ವಸ್ತುವಿನಲ್ಲಿ ಸಮರ್ಪಿಸಿದವನ ಸ್ವತ್ತು ಉಳಿಯಬಾರದೆಂಬುದೇ ದಾನಧರ್ಮದ ಮೊದಲ ಪಾಠ. 'ನನ್ನದಲ್ಲ' ಎಂದು ನೀರು ಬಿಟ್ಟಮೇಲೆ, ಅದರ ಕಾಲಬುಡದಲ್ಲಿ 'ಇದು ನಾನು ಮಾಡಿದ್ದು' ಎಂದು ಕೊರೆದಿಡುವುದು ಹೇಗೆ ಸಲ್ಲುವುದು? ಫಲದಾಸೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂದು ಕಲಿಸಿದ ನಾಡಿನಲ್ಲಿ, ಕೀರ್ತಿಯೆಂಬ ಫಲವನ್ನು ದೇವರ ಗೋಡೆಯ ಮೇಲೆಯೇ ಕಾದಿರಿಸಿಕೊಂಡವನನ್ನು ಏನೆಂದು ಕರೆಯಬೇಕು? ಸಣ್ಣದಾಗಿ ಕಾಣುವ ಈ ಪ್ರಶ್ನೆಯು ಶಿಲ್ಪಿಯೊಬ್ಬನಿಗೆ ಮಾತ್ರ ಸಂಬಂಧಪಟ್ಟುದಲ್ಲ. ಒಳ್ಳೆಯ ಕೆಲಸವೊಂದನ್ನು ಕೈಯಿಂದ ಮಾಡಿದವರೆಲ್ಲರೂ ಒಂದಲ್ಲ ಒಂದು ದಿನ ಇದನ್ನು ಎದುರಿಸಬೇಕಾಗುವುದು.

ಭಾರತೀಯ ಶಿಲ್ಪಿಯು ತನ್ನ ಹೆಸರನ್ನು ಅಳಿಸಿಕೊಂಡವನೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆನಂದ ಕುಮಾರಸ್ವಾಮಿಯವರು (೧೮೭೭-೧೯೪೭) ತಮ್ಮ ಗ್ರಂಥಗಳಲ್ಲಿ ಈ ಅಭಿಪ್ರಾಯವನ್ನು ಗಂಭೀರವಾಗಿ ಮಂಡಿಸಿದರು. ಸಂಪ್ರದಾಯಬದ್ಧನಾದ ಕಲೆಗಾರನಿಗೆ ತನ್ನ ವ್ಯಕ್ತಿತ್ವವನ್ನು ಪ್ರಕಟಿಸುವ ಹಂಬಲವಿರಲಿಲ್ಲ. ಅವನ ಅನಾಮಕತೆಯು 'ನಾನು' ಎಂಬುದರಿಂದ ಬಿಡುಗಡೆ ಹೊಂದುವ ಆದರ್ಶಕ್ಕೆ ಸೇರಿದ್ದು, ಎಂಬುದು ಅವರ ವಾದದ ಸಾರ. ಈ ಮಾತಿಗೆ ಒಂದು ಉದಾತ್ತತೆಯಿದೆ. ಅದಕ್ಕೆ ತಕ್ಕ ನಿದರ್ಶನವೂ ಇಲ್ಲದಿಲ್ಲ. ಎಲ್ಲೋರದ ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಬಿಡಿಸಿದ ಗುಡಿ. ಬರೋಡೆಯಲ್ಲಿ ದೊರೆತ ಕ್ರಿ. ಶ. ೮೧೨ರ ತಾಮ್ರಶಾಸನವೊಂದು ಆ ಗುಡಿಯನ್ನು ಹೊಗಳುತ್ತ, ಅದನ್ನು ಕಟ್ಟಿದ ಶಿಲ್ಪಿಯೇ ಮುಗಿದ ಮೇಲೆ ಅದನ್ನು ನೋಡಿ, ಇದನ್ನು ತಾನು ಹೇಗೆ ಮಾಡಿದೆನೆಂದು ಬೆರಗಾದನೆಂದು ಹೇಳುತ್ತದೆ. ಅವನ ಬೆರಗನ್ನು ಶಾಸನವು ಉಳಿಸಿದೆ. ಅವನ ಹೆಸರನ್ನು ಹೇಳಿಲ್ಲ. ತನ್ನ ಕೈಯ ಕೆಲಸವು ತನ್ನ ಅಳವನ್ನು ಮೀರಿತೆಂದು ಕಂಡವನಿಗೆ ಅದರ ಮೇಲೆ ಹೆಸರು ಬರೆಯುವ ಮನಸ್ಸೇ ಬಾರದೆ ಹೋಗಿರಬಹುದೆಂದು ಊಹಿಸಿದರೆ ಅದು ಸುಂದರವಾದ ಊಹೆಯೇ ಸರಿ.

ಆದರೆ ಸುಂದರವಾದ ಊಹೆಯನ್ನು ಒಂದು ನಾಡಿನ ನಿಯಮವೆಂದು ಸಾರುವ ಮುನ್ನ ಶಾಸನಗಳನ್ನು ಕೇಳಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಕೈಲಾಸಕ್ಕಿಂತ ಹಿಂದಿನದು. ಚಾಲುಕ್ಯ ಚಕ್ರವರ್ತಿ ಇಮ್ಮಡಿ ವಿಕ್ರಮಾದಿತ್ಯನ ರಾಣಿಯಾದ ಲೋಕಮಹಾದೇವಿಯು ಅದನ್ನು ಎಂಟನೆಯ ಶತಮಾನದ ಮಧ್ಯಭಾಗದ ಸುಮಾರಿನಲ್ಲಿ ಕಟ್ಟಿಸಿದಳು. ಅಲ್ಲಿಯ ಕನ್ನಡ ಶಾಸನವು, ಗುಡಿಯನ್ನು ಕಟ್ಟಿದ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದನ್ನು ಕೊಟ್ಟು ಪಟ್ಟ ಕಟ್ಟಿದುದನ್ನು ದಾಖಲೆ ಮಾಡಿದೆ. ಅಲ್ಲಿಯೇ ಸರ್ವಸಿದ್ಧಿ ಆಚಾರಿಯೆಂಬವನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳಿಸಿಕೊಂಡಿದ್ದಾನೆ. ಅವನು ಮನೆ ಅರಮನೆಗಳಲ್ಲಿ ಮಾತ್ರವೇ ಅಲ್ಲ, ವಾಹನ, ಆಸನ, ಶಯನ, ಕಿರೀಟ, ಚೂಡಾಮಣಿಗಳ ರಚನೆಯಲ್ಲಿಯೂ ನಿಪುಣನೆಂದು ಶಾಸನವು ಎಣಿಸಿ ಹೇಳುತ್ತದೆ. ಇವರನ್ನು ಹೆಸರಿಲ್ಲದವರೆಂದು ಹೇಳುವುದೆಂತು?

ಇನ್ನು ಹೊಯ್ಸಳರ ಕಾಲಕ್ಕೆ ಬಂದರಂತೂ ಹೆಸರುಗಳ ಸಾಲೇ ತೆರೆಯುವುದು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಸೋಮನಾಥಪುರವನ್ನೂ ೧೯೧೯ರಲ್ಲಿ ಬೇಲೂರನ್ನೂ ಕುರಿತು ಪ್ರಕಟಿಸಿದ ಪುಸ್ತಕಗಳಲ್ಲಿ ಈ ಪೀಠಾಕ್ಷರಗಳನ್ನು ಓದಿ ಸಂಗ್ರಹಿಸಿದರು. ಅಲ್ಲಿಯವರೆಗೆ ಕಲ್ಲಿನಲ್ಲಿ ಮೌನವಾಗಿದ್ದ ರೂವಾರಿಗಳು ಒಬ್ಬೊಬ್ಬರಾಗಿ ಮಾತನಾಡತೊಡಗಿದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಮಾತನಾಡಿದವನು ಮಲ್ಲಿತಮ್ಮ. ಅಮೃತಾಪುರ, ಹಾರನಹಳ್ಳಿ, ನುಗ್ಗೆಹಳ್ಳಿ, ಸೋಮನಾಥಪುರ ಇಲ್ಲೆಲ್ಲ ಅವನ ಹೆಸರಿದೆ. ಸೋಮನಾಥಪುರವೊಂದರಲ್ಲಿಯೇ ಸುಮಾರು ೪೦ ವಿಗ್ರಹಗಳ ಕೆಳಗೆ ಅವನ ಗುರುತು ಕಾಣುವುದು. ಕೆಲವೆಡೆ ಹೆಸರು ಪೂರ್ಣವಾಗಿರದೆ 'ಮಲ್ಲಿ' ಎಂದೋ ಬರಿಯ 'ಮ' ಎಂದೋ ನಿಂತಿರುವುದು.

ಈ ಅಕ್ಷರಗಳಿಗೆ ಕೂಲಿಯ ಲೆಕ್ಕವೇ ಕಾರಣವೆಂದು ಕೆಲವರು ಸಮಾಧಾನ ಹೇಳುವರು. ಹಲವು ಮಂದಿ ಒಂದೇ ಗೋಡೆಯಲ್ಲಿ ದುಡಿಯುವಾಗ ಯಾರ ವಿಗ್ರಹ ಯಾವುದೆಂದು ತಿಳಿಯಲು ಗುರುತು ಬೇಕಷ್ಟೆ. ಅದರಲ್ಲಿ ಅಹಂಕಾರವೂ ಇಲ್ಲ, ಭಕ್ತಿಯೂ ಇಲ್ಲ, ಎಂಬುದು ಅವರ ಮಾತು. ಒಂದಕ್ಷರದ 'ಮ'ಕಾರಕ್ಕೆ ಈ ವಿವರಣೆ ಒಪ್ಪಬಹುದು. ಆದರೆ ಕೂಲಿಯ ಲೆಕ್ಕಕ್ಕೆ ಬಿರುದು ಬೇಕಾಗಿಲ್ಲ. ಬೇಲೂರಿನ ಚಾವಣನು ಪ್ರತಿಸ್ಪರ್ಧಿಗಳಾದ ರೂವಾರಿಗಳೆಂಬ ಮದನನಿಗೆ ತಾನು ಮಹೇಶ್ವರನೆಂದು ಹೇಳಿಸಿಕೊಂಡಿದ್ದಾನೆ. ಇನ್ನೊಬ್ಬನು ಬಿರುದಿನ ರೂವಾರಿಗಳ ಕೊರಳಿಗೆ ಗಂಡಗತ್ತರಿಯೆನಿಸಿಕೊಂಡಿದ್ದಾನೆ. ಇದು ಲೆಕ್ಕವಲ್ಲ, ಸೆಣಸು. ಇದನ್ನು ವಿನಯವೆಂದು ಸಾಧಿಸಹೊರಟರೆ ಸತ್ಯಕ್ಕೆ ಅಪಚಾರವಾದೀತು. ಈ ಜನರು ತಮ್ಮ ಕೈಚಳಕವನ್ನು ಬಲ್ಲವರಾಗಿದ್ದರು, ಅದನ್ನು ಹೇಳಿಕೊಳ್ಳಲು ನಾಚಲಿಲ್ಲ, ಎಂಬುದನ್ನು ನೇರವಾಗಿ ಒಪ್ಪಿಕೊಂಡೇ ಮುಂದಿನ ವಿಚಾರಕ್ಕೆ ತೊಡಗಬೇಕು.

ಇಲ್ಲಿ ಮೊದಲು ಕೇಳಬೇಕಾದುದು ನ್ಯಾಯದ ಪ್ರಶ್ನೆ. ಶಿಲ್ಪಿಯ ಎರಡು ಅಕ್ಷರಗಳನ್ನು ಅಹಂಕಾರವೆನ್ನುವವರು ಅದೇ ಗುಡಿಯ ಅಂಗಳದಲ್ಲಿ ನಿಂತಿರುವ ಶಿಲಾಶಾಸನವನ್ನು ಓದಿ ನೋಡಬೇಕು. ಕಟ್ಟಿಸಿದ ಅರಸನ ಇಲ್ಲವೆ ದಂಡನಾಯಕನ ವಂಶಾವಳಿ, ಅವನ ಬಿರುದುಗಳು, ಅವನು ಗೆದ್ದ ಶತ್ರುಗಳು, ಅವನ ದಾನಗಳು ಸಾಲುಸಾಲಾಗಿ ಅಲ್ಲಿ ತುಂಬಿರುವುವು. ಬೇಲೂರಿನ ದೇವಾಲಯವನ್ನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನು ದೇವರಿಗೆ ವಿಜಯನಾರಾಯಣನೆಂದು ಹೆಸರಿಟ್ಟನು. ಸೋಮನಾಥ ದಂಡನಾಯಕನು ೧೨೬೮ರ ವೇಳೆಗೆ ಕಾವೇರಿಯ ತೀರದಲ್ಲಿ ಕೇಶವನನ್ನು ನಿಲ್ಲಿಸಿದ ಅಗ್ರಹಾರಕ್ಕೆ ಅವನ ಹೆಸರೇ ಉಂಟಾಯಿತು. ಅಮೃತಾಪುರದ ಅಮೃತೇಶ್ವರನಲ್ಲಿಯೂ ಅದನ್ನು ಕಟ್ಟಿಸಿದ ಅಮೃತೇಶ್ವರ ದಂಡನಾಯಕನ ಹೆಸರೇ ನೆಲೆಗೊಂಡಿದೆ. ಹಣವನ್ನು ಕೊಟ್ಟವನ ಹೆಸರು ಊರಿಗೂ ಗುಡಿಗೂ ದೇವರಿಗೂ ತಗಲಿಕೊಂಡರೆ ಅದು ಪುಣ್ಯ; ಕಣ್ಣನ್ನೂ ಬೆನ್ನನ್ನೂ ಕೊಟ್ಟವನ ಹೆಸರು ಪೀಠದ ಅಂಚಿನಲ್ಲಿ ಅಡಗಿದ್ದರೆ ಅದು ಗರ್ವ! ಹೀಗೆ ಎರಡು ತೂಕಗಳನ್ನಿಟ್ಟುಕೊಂಡು ತೂಗುವುದು ಧರ್ಮವಿಚಾರವೆನಿಸಲಾರದು.

ಅಮೃತಾಪುರದಲ್ಲಿ ಈ ಮಾತನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ೧೧೯೬ರಲ್ಲಿ, ಇಮ್ಮಡಿ ವೀರಬಲ್ಲಾಳನ ಆಳಿಕೆಯಲ್ಲಿ, ಆ ಗುಡಿಯು ಏಳುತ್ತಿರುವಾಗ ಅಲ್ಲಿಯ ಶಾಸನವನ್ನು ರಚಿಸಿದವನು ಮುಂದೆ ೧೨೦೯ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದ ಜನ್ನಕವಿ. ಅದೇ ಗುಡಿಯಲ್ಲಿಯೇ ಮಲ್ಲಿತಮ್ಮನ ಹೆಸರೂ ಮೊದಲಾಗಿ ಕಾಣಿಸಿಕೊಳ್ಳುವುದು. ಒಬ್ಬನು ಅದೇ ದೇವರಿಗಾಗಿ ಅಕ್ಷರವನ್ನು ಕಡೆದನು, ಇನ್ನೊಬ್ಬನು ಕಲ್ಲನ್ನು ಕಡೆದನು. ಪಂಪನಿಂದ ಮೊದಲುಗೊಂಡು ಕನ್ನಡದ ಕವಿಗಳು ತಮ್ಮ ಕುಲ, ಗುರು, ಊರು, ಬಿರುದುಗಳನ್ನು ಕಾವ್ಯದಲ್ಲಿ ಹೇಳಿಕೊಳ್ಳುತ್ತಲೇ ಬಂದರು. ಅದನ್ನು ಓದುಗರು ದೋಷವೆಂದೆಣಿಸಲಿಲ್ಲ. ಕವಿಗೆ ಸಲ್ಲುವ ಸಲಿಗೆಯು ರೂವಾರಿಗೆ ಏಕೆ ಸಲ್ಲದು? ಬಾಯಿಂದ ಹುಟ್ಟಿದ ಕೃತಿಗೆ ಕರ್ತೃವುಂಟು, ಕೈಯಿಂದ ಹುಟ್ಟಿದ ಕೃತಿಗೆ ಕರ್ತೃವಿಲ್ಲ ಎಂದು ಹೇಳುವವರು, ತಮಗರಿವಿಲ್ಲದೆಯೇ ಕೈಗೆಲಸವನ್ನು ಕೀಳೆಂದು ಹೇಳಿದಂತಾಯಿತು. ಶಿಲ್ಪಿಯ ಅನಾಮಕತೆಯನ್ನು ಕೊಂಡಾಡುವ ಮಾತಿನ ಹಿಂದೆ ಎಷ್ಟೋ ವೇಳೆ ಈ ಅವಜ್ಞೆಯು ಅಡಗಿರುವುದುಂಟು. ತನ್ನ ಹೆಸರನ್ನು ತಾನೇ ತೊರೆದವನದು ತ್ಯಾಗ. ಹೆಸರನ್ನು ಕೇಳುವವರೇ ಇಲ್ಲದೆ ಅಳಿದುಹೋದವನದು ತ್ಯಾಗವಲ್ಲ, ಅನ್ಯಾಯ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಬರಿಗಲ್ಲಾಗಿ ಕಾಣುವುವು.

ಇಷ್ಟರಿಂದ ಶಿಲ್ಪಿಯು ದಾನಿಗಿಂತ ಹೆಚ್ಚು ತಪ್ಪಿತಸ್ಥನಲ್ಲವೆಂದು ಮಾತ್ರ ಸಿದ್ಧವಾಯಿತು. ಇಬ್ಬರೂ ತಪ್ಪಿತಸ್ಥರಾಗಿರಬಹುದಲ್ಲ! ಈ ಆಕ್ಷೇಪವನ್ನು ಎತ್ತಲು ದೂರ ಹೋಗಬೇಕಾಗಿಲ್ಲ. ಬೇಲೂರಿನ ಪ್ರತಿಷ್ಠೆಯಾದ ಅದೇ ಹನ್ನೆರಡನೆಯ ಶತಮಾನದಲ್ಲಿ, ಕನ್ನಡನಾಡಿನಲ್ಲಿಯೇ, ಕಲ್ಯಾಣದ ಶರಣರು ಇದನ್ನು ಎತ್ತಿದರು. ಬಸವಣ್ಣನವರು ಉಳ್ಳವರ ಗುಡಿಯ ಎದುರಿಗೆ ಬಡವನ ದೇಹವನ್ನೇ ಗುಡಿಯಾಗಿ ನಿಲ್ಲಿಸಿದರು. ನಿಂತ ಕಲ್ಲಿಗೆ ಅಳಿವುಂಟು, ನಡೆವ ಜೀವಕ್ಕೆ ಅಳಿವಿಲ್ಲವೆಂದು ಬಗೆದರು. ಅವರ ವಚನಗಳ ಕೊನೆಗೆ ಇರುವುದು ಅವರ ಹೆಸರಲ್ಲ, ಕೂಡಲಸಂಗಮದೇವನ ಹೆಸರು. ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ತಮ್ಮ ಹೆಸರನ್ನು ದೇವರ ಹೆಸರಿನಲ್ಲಿ ಕರಗಿಸಿದ ಈ ಅಂಕಿತದ ಪಕ್ಕದಲ್ಲಿ ರೂವಾರಿಯ ಅಂಕಿತವನ್ನಿಟ್ಟರೆ ಅದು ಮಂಕಾಗಿ ಕಾಣುವುದಿಲ್ಲವೆ?

ಇದು ಬಲವಾದ ಆಕ್ಷೇಪ. ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ ಶರಣರ ಅಂಕಿತವು ಎರಡು ಕೆಲಸಗಳನ್ನು ಮಾಡುತ್ತಿರುವುದು ತೋರುವುದು. ಅದು ವಚನವನ್ನು ದೇವರಿಗೆ ಒಪ್ಪಿಸುತ್ತದೆ. ಅದೇ ವೇಳೆಯಲ್ಲಿ ಇದನ್ನು ನುಡಿದವರು ಯಾರೆಂಬುದನ್ನೂ ತಿಳಿಸುತ್ತದೆ. ಅಂಕಿತವೇ ಇಲ್ಲದಿದ್ದರೆ ಅಕ್ಕನ ಮಾತು ಯಾವುದು, ಪ್ರಭುವಿನ ಮಾತು ಯಾವುದು ಎಂದು ವಿಂಗಡಿಸುವುದು ಸುಲಭವಾಗುತ್ತಿರಲಿಲ್ಲ. ಅಹಂಕಾರವನ್ನು ಕಳೆದುಕೊಳ್ಳಬಯಸಿದವರೂ ನುಡಿಯ ಹೊಣೆಯನ್ನು ಕಳೆದುಕೊಳ್ಳಬಯಸಲಿಲ್ಲ. ಆಡಿದ ಮಾತಿಗೆ ಆಡಿದವರು ನಿಲ್ಲಬೇಕು, ಮಾಡಿದ ಕಾಯಕಕ್ಕೆ ಮಾಡಿದವರು ನಿಲ್ಲಬೇಕು. ಹೆಸರಿಲ್ಲದ ಮಾತಿಗೆ ಉತ್ತರ ಹೇಳುವವರಿಲ್ಲ.

ಇಲ್ಲಿ ಪ್ರಶ್ನೆಯ ಗಂಟು ಸಡಿಲುವಂತೆ ತೋರುತ್ತದೆ. ಹೆಸರಿಡುವುದರಲ್ಲಿ ಎರಡು ಬಗೆಗಳುಂಟು. ಒಂದು ಒಡೆತನದ ಹೆಸರು, ಇನ್ನೊಂದು ಹೊಣೆಯ ಹೆಸರು. 'ಇದು ನನ್ನದು' ಎಂಬುದು ಮೊದಲನೆಯದು; 'ಇದರಲ್ಲಿ ತಪ್ಪಿದ್ದರೆ ಕೇಳಿರಿ, ಮಾಡಿದವನು ನಾನು' ಎಂಬುದು ಎರಡನೆಯದು. ಹೊಲದ ಕಲ್ಲಿನ ಮೇಲೆ ಬರೆದ ಹೆಸರು ಒಡೆತನದ್ದು; ಸಾಲಪತ್ರದ ಕೆಳಗೆ ಹಾಕಿದ ರುಜುವು ಹೊಣೆಯದು. ಮೊದಲನೆಯದು ಇತರರನ್ನು ಹೊರಗಿಡುವುದಕ್ಕಾಗಿ. ಎರಡನೆಯದು ತನ್ನನ್ನು ಕಟ್ಟಿಹಾಕುವುದಕ್ಕಾಗಿ. ಅಕ್ಷರಗಳು ಒಂದೇ ಆಗಿದ್ದರೂ ಅವುಗಳ ಮುಖವು ಬೇರೆ ಬೇರೆ ಕಡೆಗೆ ತಿರುಗಿದೆ.

ರೂವಾರಿಯ ಹೆಸರು ಇವೆರಡರಲ್ಲಿ ಯಾವ ಬಗೆಗೆ ಸೇರಿತು? ಅದು ಇರುವ ಜಾಗವೇ ಉತ್ತರ ಹೇಳಬಲ್ಲದು. ವಿಗ್ರಹದ ನೆತ್ತಿಯ ಮೇಲಾಗಲಿ, ಬಾಗಿಲಿನ ಎದುರಿಗಾಗಲಿ ಅದು ಇಲ್ಲ. ಪೀಠದಲ್ಲಿ, ಪಾದದ ಕೆಳಗೆ ಇದೆ. ಬೇಲೂರಿನ ಮದನಿಕೆಯರ ಕೆಳಗಿನ ಅಕ್ಷರಗಳನ್ನು ನೆಲದ ಮೇಲೆ ನಿಂತವನು ಸುಲಭವಾಗಿ ಓದಲಾರನು. ಜನರ ಹೊಗಳಿಕೆಯೊಂದೇ ಗುರಿಯಾಗಿದ್ದರೆ ಜನರ ಕಣ್ಣಿಗೆ ಬೀಳದ ಕಡೆಯಲ್ಲಿ ಯಾರೂ ಬರೆಯರು. ಬಳ್ಳಿಗಾವೆ, ಗದಗು ಮೊದಲಾದ ದೂರದ ಊರುಗಳಿಂದ ಬಂದು ಒಂದೇ ಗೋಡೆಯ ಎದುರಿಗೆ ನಿಂತ ಕುಶಲಿಗಳಿಗೆ, ತಮ್ಮ ಕೆಲಸವನ್ನು ಪಕ್ಕದವನು ನೋಡುವನೆಂಬ ಎಚ್ಚರವಿತ್ತು. ನುಗ್ಗೆಹಳ್ಳಿಯ ಗುಡಿಯಲ್ಲಿ ಒಂದು ಪಾರ್ಶ್ವದ ವಿಗ್ರಹಗಳು ನಂದಿಯ ಬೈಚೋಜನವು, ಇನ್ನೊಂದು ಪಾರ್ಶ್ವದವು ಮಲ್ಲಿತಮ್ಮನವು. ಹೆಸರಿರುವುದರಿಂದಲೇ ಇಬ್ಬರ ಕೈಯನ್ನು ಹೋಲಿಸಿ ನೋಡುವುದು ಇಂದಿಗೂ ಸಾಧ್ಯವಾಗಿದೆ. ಹೀಗೆ ಹೋಲಿಕೆಗೆ ತನ್ನನ್ನು ಒಡ್ಡಿಕೊಳ್ಳುವವನು ಗರ್ವಿಯಾಗಿದ್ದರೂ ಇರಬಹುದು, ಹೇಡಿಯಂತೂ ಅಲ್ಲ. ಬಿರುದಿನಲ್ಲಿ ಬೀಗಿದ ಚಾವಣನೂ ತನ್ನ ಬಿರುದನ್ನು ತನ್ನ ಕೆಲಸದ ಕೆಳಗೇ ಬರೆದನು. ಬಿರುದು ಸುಳ್ಳಾದರೆ ಅದನ್ನು ಸುಳ್ಳೆಂದು ತೋರಿಸುವ ಸಾಕ್ಷಿಯು ಅದರ ತಲೆಯ ಮೇಲೆಯೇ ನಿಂತಿದೆ. ಇಂತಹ ಹೆಮ್ಮೆಗೂ ಬರಿಯ ಜಂಬಕ್ಕೂ ಅಂತರವಿದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಅಮೃತಾಪುರದ ೧೧೯೬ಕ್ಕೂ ಸೋಮನಾಥಪುರದ ೧೨೬೮ಕ್ಕೂ ನಡುವೆ ೭೨ ವರ್ಷಗಳ ಅಂತರವಿದೆ. ಮಲ್ಲಿತಮ್ಮನೆಂಬ ಹೆಸರು ಇಷ್ಟು ಕಾಲವೂ ಬಾಳಿತು. ಇದನ್ನು ಒಬ್ಬನ ದೀರ್ಘಾಯುಷ್ಯವೆಂದು ತಿಳಿದರೂ, ಒಂದು ಮನೆತನದಲ್ಲಿ ಇಳಿದುಬಂದ ಹೆಸರೆಂದು ತಿಳಿದರೂ ಫಲಿತಾರ್ಥವೊಂದೇ: ಆ ಹೆಸರು ಒಬ್ಬ ಮನುಷ್ಯನ ಬಯಕೆಯ ಗುರುತಾಗಿ ಉಳಿಯದೆ ಒಂದು ಬಗೆಯ ಕೆಲಸದ ಗುರುತಾಯಿತು. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆದುವಾಗಿದ್ದು, ಗಾಳಿಬಿಸಿಲುಗಳಲ್ಲಿ ನಿಂತು ಗಟ್ಟಿಯಾಗುವುದೆಂದು ಹೇಳುವರು. ಹೆಸರೂ ಹಾಗೆಯೇ. ಬರೆದಾಗ ಅದು ಮೆದುವಾದ 'ನಾನು'. ಏಳುನೂರೆಂಟುನೂರು ವರ್ಷಗಳ ಮಳೆಬಿಸಿಲನ್ನು ಕಂಡಮೇಲೆ ಅದು ಬರಿಯ ಸಾಕ್ಷಿ.

ದೇವಾಲಯದಲ್ಲಿಯೇ ಈ ತತ್ತ್ವವನ್ನು ಹೇಳುವ ಮುಖವೊಂದಿದೆ. ವಿಗ್ರಹಗಳ ತೋರಣದ ನೆತ್ತಿಯಲ್ಲಿ, ಬಾಗಿಲುಗಳ ಮೇಲೆ, ಗೋಪುರದ ಗೂಡುಗಳಲ್ಲಿ ಕಣ್ಣರಳಿಸಿ ಬಾಯ್ದೆರೆದಿರುವ ಕೀರ್ತಿಮುಖವನ್ನು ಎಲ್ಲರೂ ನೋಡಿಯೇ ಇರುವರು. ಜಲಂಧರನು ಪಾರ್ವತಿಯನ್ನು ಬಯಸಿ ರಾಹುವನ್ನು ದೂತನಾಗಿ ಕಳುಹಿದಾಗ ಶಿವನ ಕೋಪದಿಂದ ಹಸಿವಿನ ರೂಪವಾದ ಭೂತವೊಂದು ಹುಟ್ಟಿತೆಂದೂ, ರಾಹುವು ಶರಣಾದುದರಿಂದ ಆಹಾರವಿಲ್ಲದೆ ಹೋದ ಆ ಭೂತವು ಶಿವನ ಅಪ್ಪಣೆಯಂತೆ ತನ್ನ ಕೈಕಾಲು ಮೈಗಳನ್ನೆಲ್ಲ ತಾನೇ ತಿಂದು ಮುಖಮಾತ್ರವಾಗಿ ಉಳಿಯಿತೆಂದೂ, ಅದಕ್ಕೆ ಮೆಚ್ಚಿ ಶಿವನು ಕೀರ್ತಿಮುಖವೆಂದು ಹೆಸರಿಟ್ಟು ಬಾಗಿಲಲ್ಲಿರಿಸಿದನೆಂದೂ ಪುರಾಣಗಳಲ್ಲಿ ಕಥೆಯುಂಟು. ಶಾಸನಗಳ ಭಾಷೆಯಲ್ಲಿ 'ಕೀರ್ತಿ', 'ಕೀರ್ತನ' ಎಂದರೆ ಯಶಸ್ಸು ಮಾತ್ರವಲ್ಲ, ಕಟ್ಟಿಸಿದ ಗುಡಿಯೂ ಹೌದು. ಆ ಕೀರ್ತಿಗೆ ಶಿಲ್ಪಿಗಳು ಕೊಟ್ಟ ಮುಖವು ತನ್ನ ಮೈಯನ್ನು ತಾನೇ ತಿಂದುಕೊಂಡ ಮುಖ. ಬಯಸುವ ಮೈಯು ಕರಗಿದ ಮೇಲೆ ಉಳಿಯುವುದೇ ನಿಜವಾದ ಹೆಸರೆಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಉಳಿ ಹಿಡಿದ ಕೈ ಎಂದೋ ಮಣ್ಣಾಯಿತು. ಅದು ಉಂಡ ಅನ್ನ, ಪಡೆದ ಹೊನ್ನು, ಪಕ್ಕದವನೊಡನೆ ಮಾಡಿದ ಸೆಣಸು ಎಲ್ಲವೂ ಹೋದುವು. ಹೆಸರು ಮಾತ್ರ, ತಾನು ಯಾರಿಗೂ ಬೇಡವೆಂಬಂತೆ, ಪೀಠದ ಅಂಚಿನಲ್ಲಿ ಉಳಿದಿದೆ.

ಹಾಗೆಂದು ಹೆಸರನ್ನುಳಿಸಿದವರಿಗೆ ಮಾತ್ರ ಗೌರವವನ್ನು ಸಲ್ಲಿಸಿ ಸುಮ್ಮನಾದರೆ ನ್ಯಾಯವು ಅರ್ಧಕ್ಕೆ ನಿಂತಂತಾಗುವುದು. ಗಣಿಯಲ್ಲಿ ಕಲ್ಲನ್ನು ಸೀಳಿದವರು, ಅದನ್ನು ಬಂಡಿಗೇರಿಸಿ ತಂದವರು, ಉಳಿಗಳನ್ನು ಹದಮಾಡಿಕೊಟ್ಟ ಕಮ್ಮಾರರು, ಇವರಿಗೆಲ್ಲ ಗಂಜಿ ಕಾಯಿಸಿದ ಹೆಂಗಸರು, ಇವರಾರೂ ಪೀಠದ ಮೇಲೆ ಇಲ್ಲ. ಈ ವಿಷಯದಲ್ಲಿ ತಂಜಾವೂರಿನ ಬೃಹದೀಶ್ವರವು ಒಂದು ಮೇಲ್ಪಂಕ್ತಿಯನ್ನು ಹಾಕಿದೆ. ೧೦೧೦ರಲ್ಲಿ ಪೂರ್ಣವಾದ ಆ ಗುಡಿಯ ಗೋಡೆಗಳಲ್ಲಿ ರಾಜರಾಜ ಚೋಳನು ತನ್ನ ದಾನಗಳನ್ನು ಬರೆಯಿಸಿದುದು ಆಶ್ಚರ್ಯವಲ್ಲ. ಗುಡಿಯ ಸೇವೆಗೆ ನೇಮಿಸಿದ ೪೦೦ ಮಂದಿ ನರ್ತಕಿಯರಲ್ಲಿ ಒಬ್ಬೊಬ್ಬಳ ಹೆಸರು, ಅವಳು ಬಂದ ಊರು, ಅವಳಿಗೆ ಕೊಟ್ಟ ಮನೆಯ ಸ್ಥಾನ ಇವನ್ನೂ ಬರೆಯಿಸಿದನು. ವಾದ್ಯಗಾರರು, ಲೆಕ್ಕಿಗರು, ಅಕ್ಕಸಾಲೆಗಳು, ಬಡಗಿಗಳು, ಮಡಿವಾಳರು, ನಾಪಿತರಿಗೂ ಅಲ್ಲಿ ಎಡೆಯಿದೆ. ಕುಂಜರಮಲ್ಲನೆಂಬ ರಾಜರಾಜ ಪೆರುಂತಚ್ಚನು, ಎಂದರೆ ಹಿರಿಯ ಶಿಲ್ಪಿಯು, ಅದೇ ಪಟ್ಟಿಯಲ್ಲಿ ಅವರೊಡನೆಯೇ ಇದ್ದಾನೆ. ಸಾವಿರ ವರ್ಷಗಳ ಹಿಂದೆ ಕಲ್ಲಿನಲ್ಲಿ ಬರೆಯಬಲ್ಲ ಔದಾರ್ಯವು ಇಂದು ಕಾಗದದಲ್ಲಿ ಬರೆಯುವವರಿಗೆ ಅಸಾಧ್ಯವಾಗಬಾರದು.

ಆದರೆ ಜನರ ನೆನಪಿನ ದಾರಿ ವಿಚಿತ್ರವಾದುದು. ಕನ್ನಡನಾಡಿನ ಯಾವ ಮನೆಯಲ್ಲಿಯಾದರೂ ಬೇಲೂರನ್ನು ಕಡೆದವರು ಯಾರೆಂದು ಮಕ್ಕಳನ್ನು ಕೇಳಿದರೆ ದಾಸೋಜನೆಂದಾಗಲಿ ಚಾವಣನೆಂದಾಗಲಿ ಉತ್ತರ ಬಾರದು, ಜಕಣಾಚಾರಿಯೆಂದು ಬರುವುದು. ಹೊಯ್ಸಳ ರೂವಾರಿಗಳ ಅಂಕಿತಗಳಲ್ಲಿ ಆ ಹೆಸರು ದೊರೆತಿಲ್ಲ. ದಕ್ಷಿಣಾಚಾರ್ಯನೆಂಬ ಶಬ್ದವೇ ಹೀಗೆ ಮಾರ್ಪಟ್ಟಿತೆಂದು ಕೆಲವು ಪಂಡಿತರು ಹೇಳುವರು. ಕಲ್ಲಿನಲ್ಲಿ ಹೆಸರು ಬರೆದ ಅನೇಕರನ್ನು ಜನರು ಮರೆತರು. ಕಲ್ಲಿನಲ್ಲಿ ಎಲ್ಲಿಯೂ ಇಲ್ಲದ ಒಬ್ಬನನ್ನು ನೆನಪಿಟ್ಟುಕೊಂಡರು. ಹೆಸರನ್ನು ಉಳಿಸಿಕೊಳ್ಳಬಹುದೆಂಬ ಮನುಷ್ಯನ ನಂಬಿಕೆಗೆ ಇದಕ್ಕಿಂತ ದೊಡ್ಡ ಪರಿಹಾಸ್ಯವಿಲ್ಲ.

ಆ ಕಥೆಯಾದರೂ ಏನನ್ನು ಹೇಳುತ್ತದೆ? ಎಲ್ಲರೂ ಮೆಚ್ಚಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತನಾದ ಹುಡುಗನೊಬ್ಬನು ಹೇಳುವನು. ದೋಷವನ್ನು ತೋರಿಸಿದರೆ ತನ್ನ ಬಲಗೈಯನ್ನು ಕಡಿದುಕೊಳ್ಳುವೆನೆಂದು ಜಕಣಾಚಾರಿಯು ಪಣತೊಡುವನು. ಮೈಗೆ ಬಳಿದ ಗಂಧವು ಎಲ್ಲೆಡೆಯೂ ಒಣಗಿ ಹೊಕ್ಕುಳಿನ ಬಳಿ ಒಂದೆಡೆ ಹಸಿಯಾಗಿ ಉಳಿಯುವುದು. ಅಲ್ಲಿ ಒಡೆದು ನೋಡಿದರೆ ನೀರೂ ಕಪ್ಪೆಯೂ ಹೊರಬೀಳುವುವು. ಶಿಲ್ಪಿಯು ಆಡಿದಂತೆ ಕೈಯನ್ನು ಕೊಡುವನು. ಹುಡುಗನು ಅವನ ಮಗನೆಂದು ಆಮೇಲೆ ತಿಳಿಯುವುದು. ತುಮಕೂರಿನ ಬಳಿಯ ಕೈದಾಳದಲ್ಲಿ ಗುಡಿಯನ್ನು ಕಟ್ಟಿದ ಮೇಲೆ ಅವನ ಕೈ ಮತ್ತೆ ಬಂದಿತೆಂದು ಆ ಊರಿನ ಹೆಸರನ್ನೇ ಸಾಕ್ಷಿಯಾಗಿ ಹೇಳುವರು. ಇದು ನಡೆದ ಸಂಗತಿಯಲ್ಲದಿರಬಹುದು. ಆದರೆ ಜನರು ತಾವು ಮೆಚ್ಚಿದ ಶಿಲ್ಪಿಯನ್ನು ಏತಕ್ಕಾಗಿ ನೆನೆದರೆಂಬುದು ಇದರಲ್ಲಿ ಸ್ಪಷ್ಟವಾಗಿದೆ. ಅವನು ತಪ್ಪೇ ಮಾಡದವನೆಂದು ನೆನೆಯಲಿಲ್ಲ. ತಪ್ಪಿಗೆ ತಾನು ನಿಂತವನೆಂದು ನೆನೆದರು. ಒಡೆತನದ ಹೆಸರಿದ್ದವನು ಹುಡುಗನನ್ನು ಓಡಿಸಿಬಿಡುತ್ತಿದ್ದನು. ಹೊಣೆಯ ಹೆಸರಿದ್ದವನು ಕೈಯನ್ನು ಮುಂದೆ ಚಾಚಿದನು. ಇತಿಹಾಸವನ್ನು ಮರೆತ ಜನಪದವು ಧರ್ಮವನ್ನು ಮರೆಯಲಿಲ್ಲ.

ಇಂದು ಬೇಲೂರು, ಹಳೆಯಬೀಡು, ಸೋಮನಾಥಪುರಗಳಿಗೆ ಲೋಕಮಾನ್ಯತೆ ದೊರೆತಿದೆ. ೨೦೨೩ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ನೋಡಲು ಬರುವವರಲ್ಲಿ ಕೆಲವರು ಮೊಳೆಯಿಂದಲೋ ಚಾಕುವಿನಿಂದಲೋ ತಮ್ಮ ಹೆಸರನ್ನು ಪುರಾತನ ಗೋಡೆಕಂಬಗಳ ಮೇಲೆ ಗೀಚಿ ಹೋಗುವ ಕೆಟ್ಟ ಚಾಳಿಯು ನಮ್ಮ ದೇಶದಲ್ಲಿ ಇನ್ನೂ ಅಳಿದಿಲ್ಲ. ೧೯೫೮ರ ಕಾಯಿದೆಯು ಅದನ್ನು ದಂಡನಾರ್ಹವಾದ ಅಪರಾಧವೆಂದು ಸಾರಿದೆ. ಒಂದೇ ಗುಡಿಯಲ್ಲಿ ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇಡೀ ವಿಚಾರವು ಅಂಗೈ ನೆಲ್ಲಿಯಂತಾಗುವುದು. ರೂವಾರಿಯು ಹೆಸರಿನ ಮೇಲೆ ಒಂದು ವಿಗ್ರಹವನ್ನು ನಿಲ್ಲಿಸಿದನು. ಗೀಚುವವನ ಹೆಸರಿನ ಮೇಲೆ ಏನೂ ನಿಂತಿಲ್ಲ. ಅವನು ಕೊಟ್ಟು ಬರೆದನು, ಇವನು ಕೆಡಿಸಿ ಬರೆಯುವನು. ದೇವಸ್ಥಾನಕ್ಕೆ ಕೊಟ್ಟ ದೀಪದ ಗಾಜಿನ ಮೇಲೆ ಬೆಳಕೇ ಮರೆಯಾಗುವಷ್ಟು ದೊಡ್ಡದಾಗಿ ಹೆಸರು ಬರೆಯಿಸುವವನೂ ಈ ಎರಡನೆಯವನಿಗೆ ದೂರದ ನಂಟನೇ. ಹೆಸರು ಕೆಲಸಕ್ಕಿಂತ ಚಿಕ್ಕದಾಗಿರುವವರೆಗೆ ಅದು ಹೊಣೆ. ಕೆಲಸಕ್ಕಿಂತ ದೊಡ್ಡದಾದೊಡನೆ ಅದು ಹೊರೆ.

ಕೊನೆಗೆ ಗುಡಿಯ ರಚನೆಯನ್ನೇ ಮತ್ತೊಮ್ಮೆ ನೆನೆಯಬೇಕು. ಹೊಯ್ಸಳ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ದೇವತೆಗಳ ಸಾಲುಗಳು ಬೆರಳಿಡಲು ಎಡೆಯಿಲ್ಲದಂತೆ ತುಂಬಿವೆ. ನವರಂಗವನ್ನು ಹೊಕ್ಕರೆ ತಿರುಗಣಿಯ ಕಂಬಗಳೂ ಕೆತ್ತಿದ ಭುವನೇಶ್ವರಿಗಳೂ ಉಳಿದು ಗೋಡೆಗಳು ಸರಳವಾಗುವುವು. ಇನ್ನೂ ಒಳಗೆ, ಗರ್ಭಗೃಹದಲ್ಲಿ, ಗೋಡೆಗಳು ಬರಿದಾಗಿವೆ. ಅಲ್ಲಿ ಇರುವುದು ಮೂರ್ತಿ, ಒಂದು ದೀಪ, ಅದರ ಸುತ್ತ ಕತ್ತಲೆ. ಹೊರಗಿನ ಬಿಸಿಲಿನಲ್ಲಿ ಶಿಲ್ಪಿಗೂ ದಾನಿಗೂ ಕವಿಗೂ ಎಡೆಯುಂಟು. ಅವರವರ ಹೆಸರು, ಬಿರುದು, ಸೆಣಸುಗಳಿಗೂ ಎಡೆಯುಂಟು. ಒಳಗೆ ಹೋಗುವವನು ಅವನ್ನೆಲ್ಲ ದಾಟಿಯೇ ಹೋಗಬೇಕು. ಲೋಕದಲ್ಲಿ ಹೆಸರಿಟ್ಟು ದುಡಿಯುವುದೂ, ದೇವರ ಎದುರಿಗೆ ಹೆಸರಿಲ್ಲದೆ ನಿಲ್ಲುವುದೂ ಒಂದಕ್ಕೊಂದು ವಿರೋಧವಲ್ಲವೆಂದು ಆ ಕಟ್ಟಡವನ್ನು ಕಟ್ಟಿದವರು ಬಲ್ಲರು. ಆದುದರಿಂದ ಇನ್ನು ಮುಂದೆ ಬೇಲೂರಿಗೆ ಹೋಗುವವರು ಮದನಿಕೆಯ ಮುಖವನ್ನು ನೋಡಿದಷ್ಟೇ ಆದರದಿಂದ ಅವಳ ಕಾಲಡಿಯ ಅಕ್ಷರಗಳನ್ನೂ ಹುಡುಕಲಿ. ತಮ್ಮ ಮಕ್ಕಳಿಗೆ ಜಕಣಾಚಾರಿಯ ಕಥೆಯನ್ನು ಹೇಳುವಾಗ ದಾಸೋಜ, ಚಾವಣ, ನಾಗೋಜ, ಬೈಚೋಜ, ಮಲ್ಲಿತಮ್ಮರ ಹೆಸರುಗಳನ್ನೂ ಕೂಡಿಸಿ ಹೇಳಲಿ. ಹೆಸರನ್ನು ಬರೆದಿಡುವುದು ಅವರ ಪಾಲಿನ ಕೆಲಸವಾಗಿದ್ದಿತು. ಅದನ್ನು ಅವರು ಮಾಡಿ ಹೋದರು. ಓದುವುದು ಉಳಿದವರ ಪಾಲಿನದು.